ಹತ್ತರಿಂದ ಹತ್ತೊಂಬತ್ತರವರೆಗೆ

ನಾನು ನಿವೃತ್ತಳಾದ ದಿನ ಶಾಲೆಯಲ್ಲಿ ಒಂದು ಸಣ್ಣ ಸಮಾರಂಭ ಮಾಡಿದರು. ಹಾರ, ಹಣ್ಣು, ಒಂದು ಶಾಲು. ಮಾತಾಡಿದವರಲ್ಲಿ ಒಬ್ಬರು ನನ್ನ ಶಿಸ್ತು, ಸಮಯಪಾಲನೆ ಎಲ್ಲವನ್ನೂ ಹೊಗಳಿ, ಕೊನೆಗೆ, "ಜಯಮ್ಮ ಮೇಡಂನಲ್ಲಿ ಒಂದೇ ಒಂದು ಕೊರತೆ. ಹಾಸ್ಯಪ್ರಜ್ಞೆ ಸ್ವಲ್ಪ ಕಡಿಮೆ" ಎಂದರು. ಸಭೆ ಗೊಳ್ಳೆಂದಿತು. ನಾನು ನಗಲಿಲ್ಲ. ಎದ್ದು ಉತ್ತರ ಕೊಡಬೇಕೆನ್ನಿಸಿತು. ಆದರೆ ಶಾಲು ಹೊದಿಸಿಕೊಂಡು ಕೂತವರು ಜಗಳ ತೆಗೆಯುವಂತಿಲ್ಲ. ಅವತ್ತು ಬಾಯಿಗೆ ಬಂದದ್ದನ್ನು ಈಗ ಬರೆಯುತ್ತಿದ್ದೇನೆ.

ಹೊಸದಾಗಿ ಕೆಲಸಕ್ಕೆ ಸೇರುತ್ತಿರುವ ಹುಡುಗ ಹುಡುಗಿಯರು ಇದನ್ನು ಓದಬೇಕು. ನಿಮ್ಮ ಶಾಲೆಯಲ್ಲೂ ಒಬ್ಬ ಹಿರಿಯರು ಇರುತ್ತಾರೆ. ಒಳ್ಳೆಯವರೇ. ಮೊದಲ ವಾರದಲ್ಲೇ ಪಕ್ಕಕ್ಕೆ ಕೂರಿಸಿಕೊಂಡು, "ಮಕ್ಕಳನ್ನ ಸ್ವಲ್ಪ ಕಿಚಾಯಿಸ್ತಾ ಇರಬೇಕು. ಆಗಲೇ ಅವು ಚುರುಕಾಗೋದು, ಗಟ್ಟಿಯಾಗೋದು" ಎಂದು ಬುದ್ಧಿ ಹೇಳುತ್ತಾರೆ. ಕೇಳಬೇಡಿ. ನಾನು ಕೇಳಲಿಲ್ಲ. ಕೇಳದೆ ಇದ್ದದ್ದಕ್ಕೆ ಆದ ನಷ್ಟವನ್ನೂ ಮುಚ್ಚಿಡುವುದಿಲ್ಲ. ಬಡ್ತಿಯ ವಿಷಯ ಬರೆಯಲು ಹೆಚ್ಚೇನಿಲ್ಲ, ತಡವಾಗಿ ಬಂತು, ಅಷ್ಟೆ.

ನಾನು ಸಾಲಗಾಮೆ ಕಡೆಯ ಒಕ್ಕಲು ಮನೆಯವಳು. ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಹಕಾರ ಇರಲಿಲ್ಲ. ಹಾಲು ನಮಗೆ ಆಲು, ಹೊಲ ಒಲ, ಹಾಸನ ಆಸನ. ಹಾಸನದಲ್ಲಿ ಉಪಾಧ್ಯಾಯರ ಟ್ರೈನಿಂಗಿಗೆ ಸೇರಿದಾಗ ಮೊದಲ ಪಾಠಾಭ್ಯಾಸದಲ್ಲೇ ನಾನು ಕಪ್ಪುಹಲಗೆಯ ಮುಂದೆ ನಿಂತು "ಅಕ್ಕಿ ಆಕಾಶದಲ್ಲಿ ಆರುತ್ತದೆ" ಎಂದೆ. ನನ್ನ ಜೊತೆಯವರು ಮುಖ ಮುಖ ನೋಡಿಕೊಂಡರು. ಹಿಂದಿನ ಬೆಂಚಿನಲ್ಲಿ ಕೂತಿದ್ದ ಕನ್ನಡ ಪಂಡಿತರು ಮಾತ್ರ ಏನೂ ಆಗದವರ ಹಾಗೆ, "ಮುಂದುವರಿಸಮ್ಮ" ಎಂದರು. ಸಂಜೆ ಎಲ್ಲರೂ ಹೋದ ಮೇಲೆ ನನ್ನನ್ನು ಕರೆದು, ಅಂಗೈಯನ್ನು ಬಾಯಿಯ ಮುಂದೆ ಹಿಡಿದುಕೊಳ್ಳಲು ಹೇಳಿದರು. "ಈಗ ಅಕ್ಕಿ ಅನ್ನು. ಕೈಗೆ ಗಾಳಿ ತಾಗಿತಾ? ಇಲ್ಲ. ಈಗ ಉಸಿರು ಬಿಟ್ಟು ಹಕ್ಕಿ ಅನ್ನು. ಅಂಗೈ ಬೆಚ್ಚಗಾಗಬೇಕು." ಬೆಚ್ಚಗಾಯಿತು. ಅವರು ಇದನ್ನು ಯಾರಿಗೂ ಹೇಳಲಿಲ್ಲ, ನನಗೂ ಮತ್ತೆ ನೆನಪಿಸಲಿಲ್ಲ. ನಾನು ಮೇಷ್ಟ್ರ ಕೆಲಸ ಕಲಿತದ್ದು ಆ ಸಂಜೆ ಎಂದೇ ತಿಳಿದಿದ್ದೇನೆ.

ಆಗ ಬೆತ್ತದ ಕಾಲ ಸರಿಯುತ್ತಿತ್ತು. ಮಕ್ಕಳನ್ನು ದನಕ್ಕೆ ಬಡಿದ ಹಾಗೆ ಬಡಿಯಬಾರದು ಎಂಬ ಮಾತು ಟ್ರೈನಿಂಗಿನಲ್ಲೂ ಮೇಲಧಿಕಾರಿಗಳ ಬಾಯಲ್ಲೂ ಬರತೊಡಗಿತ್ತು. ಬೆತ್ತ ಬೀರುವಿನ ಹಿಂದೆ ಹೋಯಿತು. ಅದರ ಜಾಗಕ್ಕೆ ನಾಲಿಗೆ ಬಂತು. ಬೆತ್ತದ ಬಾಸುಂಡೆಯನ್ನು ತಾಯಿ ನೋಡುತ್ತಾಳೆ, ಎಣ್ಣೆ ಹಚ್ಚುತ್ತಾಳೆ, ಮೇಷ್ಟ್ರಿಗೆ ನಾಲ್ಕು ಬಯ್ಯುತ್ತಾಳೆ. ಮಾತಿನದು ಯಾರಿಗೂ ಕಾಣುವುದಿಲ್ಲ. ಅದಕ್ಕೇ ಅದನ್ನು ಯಾರೂ ಶಿಕ್ಷೆ ಎನ್ನಲಿಲ್ಲ, ತಮಾಷೆ ಎಂದರು.

ಐವತ್ತರ ದಶಕದ ನಡುವೆ ನನಗೆ ಹೊಳೆನರಸೀಪುರದ ಒಂದು ಮಿಡ್ಲಿಸ್ಕೂಲಿಗೆ ವರ್ಗವಾಯಿತು. ಅಲ್ಲಿ ಕನ್ನಡ ಮತ್ತು ಇಂಗ್ಲಿಷ್ ಹೇಳುತ್ತಿದ್ದವರು ನಂಜುಂಡಯ್ಯ ಮೇಷ್ಟ್ರು. ಅವರು ಕೆಟ್ಟವರಲ್ಲ. ಪರೀಕ್ಷೆ ಹತ್ತಿರ ಬಂದಾಗ ಸಂಜೆ ದೀಪ ಹಚ್ಚುವವರೆಗೂ ಮಕ್ಕಳನ್ನು ಕೂರಿಸಿಕೊಂಡು ಹೇಳಿಕೊಡುತ್ತಿದ್ದರು. ಜ್ವರ ಬಂದ ಹುಡುಗನ ಮನೆಗೆ ತಾವೇ ಹೋಗಿ ನೋಡಿ ಬರುತ್ತಿದ್ದರು. ಪೇಟೆಯಲ್ಲಿ ಅವರು ನಡೆದು ಹೋದರೆ ಅಂಗಡಿಯವರು ಎದ್ದು ನಿಲ್ಲುತ್ತಿದ್ದರು. ಮತ್ತು ಅವರ ಮಾತಿಗೆ ನಗದವರೇ ಇರಲಿಲ್ಲ. ಯಾವ ಹುಡುಗನಿಗೆ ಏನು ಹೆಸರಿಟ್ಟರು, ಯಾವ ಹುಡುಗಿಗೆ ಏನಂದರು ಎನ್ನುವುದು ಸಂಜೆಯೊಳಗೆ ಊರಿಗೇ ಗೊತ್ತಾಗುತ್ತಿತ್ತು.

ಆ ವರ್ಷ ಹೊಸ ತರಗತಿಗೆ ಹೊಳೆಯಾಚೆಯ ಹಳ್ಳಿಯಿಂದ ಹೊನ್ನಮ್ಮ ಎಂಬ ಹುಡುಗಿ ಸೇರಿದಳು. ಅವಳ ಅಪ್ಪ ಚಿಕ್ಕಯ್ಯ ಊರ ಗೌಡರ ಗದ್ದೆಗಳಲ್ಲಿ ಕೂಲಿ ಮಾಡುವವನು. ಅವರ ಕೇರಿಯಿಂದ ಮಿಡ್ಲಿಸ್ಕೂಲಿನ ಮೆಟ್ಟಿಲು ಹತ್ತಿದ ಹೆಣ್ಣುಮಕ್ಕಳಲ್ಲಿ ಅವಳೇ ಮೊದಲು. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ, ಒಗೆದು ಒಗೆದು ಬಣ್ಣ ಹೋದ ಲಂಗ. ನನ್ನ ತರಗತಿಗೂ ನಂಜುಂಡಯ್ಯನವರ ತರಗತಿಗೂ ನಡುವೆ ಇದ್ದದ್ದು ಒಂದು ಹಲಗೆಯ ಅಡ್ಡಗೋಡೆ. ಅಲ್ಲಿ ಆಡಿದ್ದೆಲ್ಲ ಇಲ್ಲಿ ಕೇಳುತ್ತಿತ್ತು. ಮೊದಲ ದಿನದ ಹಾಜರಿಯೂ ಕೇಳಿತು.

"ಹೊನ್ನಮ್ಮ ಅಂದ್ರೆ ಯಾರಮ್ಮ?"

"ನಾನೇ ಸಾ, ಒನ್ನಮ್ಮ."

ಆಮೇಲೆ ಮೇಷ್ಟ್ರ ದನಿ, ಎಳೆದು ಎಳೆದು: "ಒನ್ನಮ್ಮನಾ? ಸರಿ ಹೋಯ್ತು. ಹಾಗಾದ್ರೆ ಟೂವಮ್ಮ ಎಲ್ಲಿ? ತ್ರೀಯಮ್ಮ ನಾಳೆ ಬರ್ತಾಳೋ?"

ಆ ಮಕ್ಕಳು ಇಂಗ್ಲಿಷ್ ಅಂಕಿ ಕಲಿಯಲು ಶುರು ಮಾಡಿದ್ದು ಆ ವಾರವೇ. ತರಗತಿ ಬೆಂಚು ಬಡಿದು ನಕ್ಕಿತು. ನನ್ನ ತರಗತಿಯ ಮಕ್ಕಳೂ ನಕ್ಕರು. ಓದುತ್ತಿರುವ ನಿಮಗೂ ತುಟಿ ಅಲುಗಿರಬಹುದು. ಜೋಕು ಚೆನ್ನಾಗಿದೆ, ಅದೇ ಅದರ ತೊಂದರೆ. ಸಪ್ಪೆಯಾಗಿದ್ದರೆ ಅವತ್ತು ಮಧ್ಯಾಹ್ನಕ್ಕೇ ಸಾಯುತ್ತಿತ್ತು. ಚೆನ್ನಾಗಿದ್ದದ್ದರಿಂದ ಅದು ಉಳಿದುಕೊಂಡಿತು. ಸಂಜೆ ಹೊಳೆಯ ದಾರಿಯಲ್ಲಿ ಹುಡುಗರು "ಟೂವಮ್ಮಾ" ಎಂದು ಕೂಗುತ್ತಿದ್ದದ್ದು ಕೇಳಿಸಿತು. ತಿಂಗಳು ಕಳೆಯುವುದರೊಳಗೆ ಅವಳಿಗೆ ಬೇರೆ ಹೆಸರೇ ಇಲ್ಲವೇನೋ ಎನ್ನುವಂತಾಯಿತು.

ಆ ತರಗತಿಗೆ ಲೆಕ್ಕ ಹೇಳುತ್ತಿದ್ದವಳು ನಾನು. ದಿನವೂ ಮೊದಲು ಬಾಯಿಲೆಕ್ಕ. ಹೊನ್ನಮ್ಮನ ವಿಷಯದಲ್ಲಿ ನನಗೆ ಏನೋ ಅರ್ಥವಾಗುತ್ತಿರಲಿಲ್ಲ. "ನಲವತ್ತೂ ನಲವತ್ತೂ?" ಎಂದರೆ ಬಾಯಿ ಮುಚ್ಚುವುದರೊಳಗೆ "ಎಂಬತ್ತು" ಎನ್ನುವಳು. "ಏಳೂ ಐದೂ?" ಎಂದರೆ ಸ್ವಲ್ಪ ಹೊತ್ತು ನೆಲ ನೋಡಿ "ಒಂಬತ್ತು" ಎನ್ನುವಳು. ಮೂವತ್ತರಿಂದ ಆರು ಕಳೆಯುವುದು ಬರುತ್ತಿತ್ತು, ಎಂಟಕ್ಕೆ ಎಂಟು ಕೂಡುವುದು ಬರುತ್ತಿರಲಿಲ್ಲ. ಸ್ಲೇಟಿನಲ್ಲಿ ಮಾಡಿಸಿದರೆ ಒಂದೂ ತಪ್ಪಿಲ್ಲ. ನೋಡಿ ಬರೆದಳೋ ಎಂದು ಒಂಟಿಯಾಗಿ ಕೂರಿಸಿ ಮಾಡಿಸಿದೆ. ಆಗಲೂ ತಪ್ಪಿಲ್ಲ.

ನಂಜುಂಡಯ್ಯನವರಿಗೆ ಈ ಸುದ್ದಿ ಹೋಗಿ ಅವರು ಹೊಸದೊಂದು ಮಾತು ಕಟ್ಟಿದ್ದರು. "ಟೂವಮ್ಮನಿಗೆ ಟೂ ದಾಟಿದ ಲೆಕ್ಕ ಹೇಗಮ್ಮ ಬರುತ್ತೆ?"

ಒಂದು ದಿನ ಮನೆಯಲ್ಲಿ ಅಕ್ಕಿ ಅಳೆಯುತ್ತಾ ನನ್ನಷ್ಟಕ್ಕೆ ಎಣಿಸುತ್ತಿದ್ದೆ. ಎಂಟು, ಒಂಬತ್ತು, ಹತ್ತು, ಹನ್ನೊಂದು, ಹನ್ನೆರಡು. ಕೈ ಅಲ್ಲೇ ನಿಂತುಬಿಟ್ಟಿತು. ಹತ್ತರಿಂದ ಹತ್ತೊಂಬತ್ತರವರೆಗೆ ನಮ್ಮ ಕನ್ನಡದಲ್ಲಿ ಹಕಾರವಿಲ್ಲದ ಅಂಕಿಯೇ ಇಲ್ಲ. ಇಪ್ಪತ್ತು ದಾಟಿದರೆ ಮತ್ತೆ ದಾರಿ ಸಲೀಸು. ಆ ಹುಡುಗಿ ನಡುವಿನ ಅಷ್ಟನ್ನು ಬಿಟ್ಟು ದಾಟುತ್ತಿದ್ದಳು, ಹುಡುಗರು ಕೂತು ಕೀಟಲೆ ಮಾಡುವ ಬೀದಿಯನ್ನು ಹೆಣ್ಣುಮಕ್ಕಳು ಸುತ್ತು ಹಾಕಿಕೊಂಡು ಹೋಗುವ ಹಾಗೆ. ಆಮೇಲೆ ಒಂದೊಂದೇ ನೆನಪಾಯಿತು. ಹಸು ಏನು ಕೊಡುತ್ತದೆ ಎಂದರೆ ಅವಳು "ಕ್ಷೀರ" ಎಂದಿದ್ದಳು. ಹೂವಿಗೆ "ಪುಷ್ಪ" ಎಂದಿದ್ದಳು. ಕೂಲಿಯವನ ಮಗಳು ಪುರಾಣ ಹೇಳುವವರ ಹಾಗೆ ಮಾತಾಡುತ್ತಾಳಲ್ಲ ಎಂದು ಅದಕ್ಕೂ ಮಕ್ಕಳು ನಕ್ಕಿದ್ದರು.

ಮರುದಿನ ಊಟದ ಬಿಡುವಿನಲ್ಲಿ ಅವಳನ್ನು ಹೊಂಗೆಮರದ ಹತ್ತಿರ ಕರೆದುಕೊಂಡು ಹೋದೆ.

"ಒಂಬತ್ತಕ್ಕೆ ಎಂಟು ಕೂಡಿದರೆ ಎಷ್ಟಮ್ಮ?"

ಅವಳು ಎರಡೂ ಕೈ ಬಿಚ್ಚಿ ತೋರಿಸಿದಳು. ಮಡಚಿ, ಮತ್ತೆ ಏಳು ಬೆರಳು ತೋರಿಸಿದಳು.

"ಬಾಯಲ್ಲಿ ಹೇಳು."

"ಬ್ಯಾಡ ಮೇಡಮ್ಮೋರೆ."

"ಯಾಕೆ? ಬರುತ್ತಲ್ಲ ನಿನಗೆ."

ಅವಳು ಸೆರಗಿನ ಹಾಗೆ ಲಂಗದ ತುದಿಯನ್ನು ಬೆರಳಿಗೆ ಸುತ್ತುತ್ತಾ ಹೇಳಿದಳು: "ತೆಪ್ಪು ಯೋಳುದ್ರೆ ದಡ್ಡಿ ಅಂತಾರೆ, ಅಷ್ಟೆಯ. ಸರಿ ಯೋಳುದ್ರೆ ನಗ್ತಾರೆ."

ಮಕ್ಕಳ ಮನಸ್ಸಿನ ಬಗ್ಗೆ ಟ್ರೈನಿಂಗಿನಲ್ಲಿ ದಪ್ಪ ದಪ್ಪ ಪುಸ್ತಕ ಓದಿಸಿದ್ದರು. ಈ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ. ನಗೆಗೆ ಹೆದರಿ ದಡ್ಡಿ ಅನ್ನಿಸಿಕೊಳ್ಳುವುದನ್ನು ಒಂದು ಮಗು ತಾನೇ ಆರಿಸಿಕೊಂಡಿತ್ತು. ದಡ್ಡಿ ಎಂದು ದಿನವೂ ಕರೆಸಿಕೊಂಡ ಮಗು ಎಷ್ಟು ದಿನ ತಾನು ದಡ್ಡಿಯಲ್ಲ ಎಂದು ನಂಬಿಕೊಂಡಿದ್ದೀತು?

ಬಹಳ ದಿನ ಇರಲಿಲ್ಲ. ಅದೇ ವಾರ ಚಿಕ್ಕಯ್ಯ ಶಾಲೆಗೆ ಬಂದ. ಜಗಲಿಯ ಕೆಳಗೇ ನಿಂತು ತಲೆಗೆ ಸುತ್ತಿದ್ದ ಟವಲು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ.

"ಉಡ್ಗೀನ ಬುಡುಸ್ಕಂಡ್ ಓಗಾನ ಅಂತ ಬಂದೆ ಕಣವ್ವ. ತಲೆಗೆ ಅತ್ತಾಕಿಲ್ಲ ಅಂತ ಮೇಷ್ಟ್ರು ಅಂದ್ರಂತೆ. ಅವ್ಳೂ ಅಂಗೇ ಅಂತಾಳೆ, ನಂಗೆ ಬರಾಕಿಲ್ಲ ಕಣಪ್ಪ, ಬುಟ್ಬುಡ್ತೀನಿ ಅಂತ."

"ಅವಳ ತರಗತಿಯಲ್ಲಿ ಅವಳಷ್ಟು ಚೆನ್ನಾಗಿ ಲೆಕ್ಕ ಬರುವ ಮಗು ಇನ್ನೊಂದಿಲ್ಲ ಚಿಕ್ಕಯ್ಯ. ಸಂಕ್ರಾಂತಿ ಹೊತ್ತಿಗೆ ಇನ್ಸ್‌ಪೆಕ್ಟರು ಬರುತ್ತಾರೆ. ಅವರೇ ಮಕ್ಕಳಿಗೆ ಲೆಕ್ಕ ಕೇಳುತ್ತಾರೆ. ಅಲ್ಲಿಯವರೆಗೆ ಇಲ್ಲೇ ಬಿಡಿ."

ಅವನು ನನ್ನ ಮುಖವನ್ನು ನೋಡಿದ, ಇವಳೂ ತಮಾಷೆ ಮಾಡುತ್ತಿದ್ದಾಳೋ ಎಂದು ಅಳೆಯುವವನ ಹಾಗೆ. "ನಿಜವಾ ಮೇಡಮ್ಮೋರೆ?" ಎಂದ. "ನಿಜ" ಎಂದೆ. ಮಗಳನ್ನು ಬಿಟ್ಟು ಹೋದ.

ಆ ಮಧ್ಯಾಹ್ನವೇ ನಾನು ಸ್ಟಾಫ್ ರೂಮಿನಲ್ಲಿ ಎಲ್ಲರ ಎದುರಿಗೆ ನಂಜುಂಡಯ್ಯನವರಿಗೆ ಹೇಳಿದೆ. "ಸಾರ್, ಆ ಮಗುವನ್ನು ಹೊನ್ನಮ್ಮ ಅಂತ ಕರೀರಿ. ಟೂವಮ್ಮ ಅನ್ನೋದು ಬೇಡ." ಹತ್ತರಿಂದ ಹತ್ತೊಂಬತ್ತರ ವಿಷಯವನ್ನೂ ಬಿಡಿಸಿ ಹೇಳಿದೆ.

ಅವರು ನಶ್ಯದ ಡಬ್ಬಿ ತೆರೆಯುತ್ತಾ, "ನೀವೂ ಸಾಲಗಾಮೆ ಕಡೆಯವರಲ್ಲವೇ ಜಯಮ್ಮನೋರೆ? ಆ ಕಡೆ ಅಕ್ಕಿ ಹಾರುತ್ತಂತೆ, ಹಕ್ಕಿ ಬೇಯುತ್ತಂತೆ" ಎಂದರು. ಸ್ಟಾಫ್ ರೂಮು ನಕ್ಕಿತು. ಹೆಡ್‌ಮೇಷ್ಟ್ರೂ ನಕ್ಕರು.

"ಹೌದು ಸಾರ್. ನಮ್ಮಮ್ಮ ಅಕ್ಕಿಗೂ ಹಕ್ಕಿಗೂ ಒಂದೇ ಮಾತು ಆಡ್ತಾರೆ. ಆದರೆ ಇವತ್ತಿನವರೆಗೆ ಹಕ್ಕಿಯನ್ನು ತೊಳೆದು ಒಲೆಯ ಮೇಲಿಟ್ಟಿಲ್ಲ."

ನಗು ನಿಂತಿತು. ನಂಜುಂಡಯ್ಯನವರು ಡಬ್ಬಿ ಮುಚ್ಚಿದರು. "ನೋಡಿಯಮ್ಮ, ನಾನು ವಾರದಲ್ಲಿ ದಿನಕ್ಕೊಂದು ಮನೆಯಲ್ಲಿ ಉಂಡುಕೊಂಡು ಓದಿದವನು. ನಮ್ಮ ಮೇಷ್ಟ್ರು ನನ್ನನ್ನ ಹೆಸರು ಹಿಡಿದು ಕರೆದದ್ದೇ ಇಲ್ಲ. 'ಏ ವಾರಾನ್ನ, ಇವತ್ತು ಯಾರ ಮನೆ ಸಾರು?' ಅನ್ನೋರು. ತರಗತಿ ಎಲ್ಲ ನಗೋದು. ನಾನೇನು ಸತ್ತೆನೇ?"

"ಸಾಯಲಿಲ್ಲ ಸಾರ್. ಆದರೆ ಇವತ್ತಿಗೂ ಅದನ್ನ ಮರೆತಿಲ್ಲ, ನೋಡಿ."

ಅವರ ಮುಖ ಬಿಳಿಚಿಕೊಂಡಿತು. ಗಂಟೆ ಹೊಡೆಯಿತು, ಎದ್ದು ಹೋದರು. ಆಮೇಲೆ ಬಹಳ ದಿನ ಸ್ಟಾಫ್ ರೂಮಿನಲ್ಲಿ ನನ್ನೊಡನೆ ಯಾರೂ ಸಲೀಸಾಗಿ ಮಾತಾಡಲಿಲ್ಲ. ಎಲ್ಲರಿಗೂ ಬೇಕಾದ ಹಿರಿಯರನ್ನು ಅವಮಾನ ಮಾಡಿದೆ ಎಂದು ಅವರ ದೂರು. ನನ್ನ ಪಾಡಿಗೆ ನಾನು ಬುತ್ತಿ ಬಿಚ್ಚಿ ಉಣ್ಣುತ್ತಿದ್ದೆ.

ಮರುದಿನ ಬಾಯಿಲೆಕ್ಕದ ಹೊತ್ತಿಗೆ ನಾನು ತರಗತಿಯ ಮುಂದೆ ನಿಂತು, ಅಡ್ಡಗೋಡೆಯಾಚೆಗೂ ಕೇಳುವಷ್ಟು ಗಟ್ಟಿಯಾಗಿ ಎಣಿಸಿದೆ. "ಅತ್ತು, ಅನ್ನೊಂದು, ಅನ್ನೆಡ್ಡು, ಅದ್ಮೂರು, ಅದ್ನಾಕು..." ಮಕ್ಕಳು ಬಾಯಿ ತೆರೆದು ನೋಡಿದರು. ಆಮೇಲೆ ಒಬ್ಬ ಕಿಸಕ್ಕೆಂದ. ಆಮೇಲೆ ಎಲ್ಲರೂ.

"ನಕ್ಕುಬಿಡಿ" ಎಂದೆ. "ನಮ್ಮಮ್ಮ ಎಣಿಸುವುದು ಹೀಗೆ. ನಾನು ಲೆಕ್ಕ ಕಲಿತದ್ದು ಅವರಿಂದ. ನಿಮ್ಮಲ್ಲಿ ಯಾರ ಮನೆಯಲ್ಲಿ ಹೀಗೆ ಎಣಿಸುತ್ತಾರೆ, ಕೈ ಎತ್ತಿ."

ಮೊದಲು ಯಾರೂ ಎತ್ತಲಿಲ್ಲ. ಗೌಡರ ಮನೆಯ ಹುಡುಗನೊಬ್ಬ ಅತ್ತಿತ್ತ ನೋಡಿ ಮೆಲ್ಲಗೆ ಎತ್ತಿದ. ಅವನ ಹಿಂದೆ ಇನ್ನೊಬ್ಬಳು. ನೋಡನೋಡುತ್ತಾ ಮುಕ್ಕಾಲು ತರಗತಿ ಕೈ ಎತ್ತಿತು. ಹೊನ್ನಮ್ಮ ಕೈ ಎತ್ತಲಿಲ್ಲ, ಆದರೆ ತಲೆ ಎತ್ತಿ ಎಲ್ಲ ಕೈಗಳನ್ನೂ ನೋಡಿದಳು. ತನ್ನನ್ನು ಟೂವಮ್ಮ ಎಂದವರೆಲ್ಲ ಮನೆಗೆ ಹೋಗಿ ತನ್ನ ಹಾಗೆಯೇ ಮಾತಾಡುತ್ತಾರೆ ಎನ್ನುವುದು ಅವಳಿಗೆ ಅದುವರೆಗೆ ಹೊಳೆದಿರಲಿಲ್ಲ. ನಾನು ಹೇಳಿದೆ: "ಅದು ಮನೆಯ ಮಾತು, ಅದರಲ್ಲಿ ತಪ್ಪಿಲ್ಲ. ಪುಸ್ತಕಕ್ಕೆ ಇನ್ನೊಂದು ಮಾತಿದೆ. ಅದನ್ನೂ ಕಲಿಯೋಣ. ಎರಡೂ ಬರಬೇಕು." ಎಲ್ಲರಿಗೂ ಅಂಗೈಯನ್ನು ಬಾಯಿಯ ಮುಂದೆ ಹಿಡಿಯಲು ಹೇಳಿದೆ. ಆ ಗಂಟೆಯೆಲ್ಲ ಉಸಿರು ಬಿಟ್ಟು ಬಿಟ್ಟು ಹತ್ತು, ಹನ್ನೊಂದು ಎಂದರು. ಅವತ್ತಿನಿಂದ ಮನೆಯದು ಒಂದು ಸಲ, ಪುಸ್ತಕದ್ದು ಒಂದು ಸಲ ಎಣಿಸಿಯೇ ನಮ್ಮ ಬಾಯಿಲೆಕ್ಕ ಶುರುವಾಗುತ್ತಿತ್ತು.

ಹೆಡ್‌ಮೇಷ್ಟ್ರು ಕರೆಸಿದರು. "ಏನಮ್ಮ ಇದು, ಶಾಲೆಯಲ್ಲಿ ಅಶುದ್ಧ ಹೇಳಿಕೊಡ್ತಿದ್ದೀರಂತೆ?"

"ಎರಡನ್ನೂ ಹೇಳಿಕೊಡ್ತಿದ್ದೀನಿ ಸಾರ್."

"ನಿಲ್ಲಿಸಿ."

"ಲೆಕ್ಕದಲ್ಲಿ ಆ ತರಗತಿ ಹಿಂದೆ ಬಿದ್ದರೆ ನಿಲ್ಲಿಸ್ತೀನಿ."

ಸಂಕ್ರಾಂತಿ ಕಳೆದು ಇನ್ಸ್‌ಪೆಕ್ಟರು ಬಂದರು. ಕೋಟು, ರುಮಾಲು, ಕೈಯಲ್ಲಿ ಪೆನ್ಸಿಲು. ಬಾಗಿಲಲ್ಲಿ ಹೆಡ್‌ಮೇಷ್ಟ್ರು, ಅವರ ಪಕ್ಕದಲ್ಲಿ ನಂಜುಂಡಯ್ಯನವರು. ಇನ್ಸ್‌ಪೆಕ್ಟರು, "ಹನ್ನೆರಡೂ ಐದೂ?" ಎಂದರು. ಕೈಗಳು ಮೇಲೆದ್ದವು. ಅದರಲ್ಲಿ ಹೊನ್ನಮ್ಮನದೂ ಇತ್ತು. ಅವರು ಅವಳನ್ನೇ ತೋರಿಸಿದರು.

"ಅದ್ನೇಳು ಸಾ" ಎಂದಳು. ಅವಸರದಲ್ಲಿ ಮನೆಯದೇ ಬಂದುಬಿಟ್ಟಿತ್ತು.

ಇನ್ಸ್‌ಪೆಕ್ಟರು ಹುಬ್ಬೇರಿಸಿ ನಕ್ಕರು. "ಏನು? ಎದ್ದೇಳು ಅಂದೆಯಾ? ನಿಂತೇ ಇದ್ದೀನಲ್ಲಮ್ಮ!"

ಹಿಂದಿನ ಬೆಂಚಿನಲ್ಲಿ ಯಾರೋ ನಗಲು ಶುರು ಮಾಡಿದರು. ಅವಳು ಈಗ ಕೂತರೆ ಮತ್ತೆ ಏಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಹೊನ್ನಮ್ಮ ಕೂರಲಿಲ್ಲ. ಅಂಗೈಯನ್ನು ಬಾಯಿಯ ಮುಂದೆ ಹಿಡಿದು ಉಸಿರು ಬಿಟ್ಟು, "ಹದಿನೇಳು" ಎಂದಳು. ಕೈ ಇಳಿಸಿ, "ಮನೇಲಿ ಅದ್ನೇಳು ಸಾ, ಇಸ್ಕೂಲಲ್ಲಿ ಹದಿನೇಳು. ಎಲ್ಡೂ ಒಂದೇಯ" ಎಂದಳು.

ಇನ್ಸ್‌ಪೆಕ್ಟರು ನನ್ನ ಕಡೆ ತಿರುಗಿದರು. "ಏನಿದು?"

"ಉತ್ತರ ಸರಿ ಇದೆಯಲ್ಲ ಸಾರ್" ಎಂದೆ.

ಅವರಿಗೆ ಅದು ಹಿಡಿಸಲಿಲ್ಲ. ಗ್ರಾಮ್ಯ ಮಾತಿಗೆ ಉತ್ತೇಜನ ಕೊಡುತ್ತಿದ್ದೇನೆ, ಮೇಲಿನವರೊಡನೆ ವಿನಯವಿಲ್ಲ ಎಂದು ಹೆಡ್‌ಮೇಷ್ಟ್ರ ಮುಂದೆ ಹೇಳಿ ಹೋದರಂತೆ. ಬೇಸಿಗೆಯ ರಜೆಯಲ್ಲಿ ನನಗೆ ಅರಕಲಗೂಡಿಗೆ ವರ್ಗವಾಯಿತು. ಇದಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ಹೆಡ್‌ಮೇಷ್ಟ್ರು ಕೇಳದೆಯೇ ಹೇಳಿದರು. ಹೊರಡುವ ಮೊದಲು ನಾನು ತಿಳಿದುಕೊಂಡದ್ದು ಎರಡು ಸಂಗತಿ. ಹೊನ್ನಮ್ಮ ಮುಂದಿನ ತರಗತಿಗೆ ಪಾಸಾಗಿದ್ದಳು, ಲೆಕ್ಕದಲ್ಲಿ ಎಲ್ಲರಿಗಿಂತ ಮೇಲೆ. ಇನ್ನೊಂದು, ನಂಜುಂಡಯ್ಯನವರು ಹಾಜರಿ ತೆಗೆದುಕೊಳ್ಳುವಾಗ ಅವಳ ಹೆಸರನ್ನು ಕೂಗುವುದನ್ನೇ ಬಿಟ್ಟಿದ್ದರು. ಸುಮ್ಮನೆ ತಲೆ ಎತ್ತಿ ನೋಡಿ ಗುರುತು ಹಾಕಿಕೊಳ್ಳುತ್ತಿದ್ದರು. ಹೊನ್ನಮ್ಮ ಎಂದು ಒಂದು ಸಲ ಕರೆದಿದ್ದರೆ ಅವರ ಗಂಟೇನೂ ಹೋಗುತ್ತಿರಲಿಲ್ಲ. ಅದು ಕೊನೆಯವರೆಗೂ ಅವರಿಂದ ಆಗಲಿಲ್ಲ.

ಅರಕಲಗೂಡಿನಲ್ಲಿ ಬಸವರಾಜು ಎಂಬ ದಪ್ಪ ಹುಡುಗನಿದ್ದ. ಡ್ರಿಲ್ ಮೇಷ್ಟ್ರು ಅವನನ್ನು ಕುಂಬಳಕಾಯಿ ಎನ್ನುತ್ತಿದ್ದರು. "ಲೇ ಕುಂಬಳಕಾಯಿ, ಓಡಬೇಡ ಕಣ್ಲಾ, ಉರುಳ್ಕೊಂಡೇ ಬಾ" ಎಂದರೆ ಎಲ್ಲರಿಗಿಂತ ಗಟ್ಟಿಯಾಗಿ ನಗುವವನು ಬಸವರಾಜುವೇ. ಕೆಲವು ಸಲ ನಿಜವಾಗಿಯೂ ಮೈದಾನದಲ್ಲಿ ಉರುಳಿ ತೋರಿಸುತ್ತಿದ್ದ. ನಾನು ಆಕ್ಷೇಪಿಸಿದಾಗ ಡ್ರಿಲ್ ಮೇಷ್ಟ್ರು, "ಅವನಿಗೇ ಬೇಜಾರಿಲ್ಲ, ನಿಮಗ್ಯಾಕೆ ಮೇಡಂ?" ಎಂದರು. ಈ ಮಾತನ್ನು ನೀವೂ ಕೇಳುತ್ತೀರಿ. ಒಂದು ಮಧ್ಯಾಹ್ನ ಶಾಲೆಯ ಹಿಂಭಾಗಕ್ಕೆ ಹೋದಾಗ ಬಸವರಾಜು ತನ್ನ ಬುತ್ತಿಯ ಮುದ್ದೆಯನ್ನು ಮುರಿದು ಮುರಿದು ನಾಯಿಗೆ ಹಾಕುತ್ತಿದ್ದ. ಎಷ್ಟು ದಿನದಿಂದ ಎಂದು ಕೇಳಿದೆ. ಅವನು ನಕ್ಕ, ಅದೇ ಮೈದಾನದ ನಗು. ಆಮೇಲೆ ನಗುತ್ತಲೇ ಅತ್ತುಬಿಟ್ಟ. "ಸಣ್ಣ ಆಗ್ಬೇಕು ಮೇಡಮ್ಮೋರೆ" ಎಂದ. ಅವತ್ತಿನಿಂದ ನಾನು ನನ್ನ ಬುತ್ತಿ ತೆಗೆದುಕೊಂಡು ಹೋಗಿ ಅವನ ಪಕ್ಕದಲ್ಲೇ ಕೂತು ಉಣ್ಣುತ್ತಿದ್ದೆ, ಅವನು ಪೂರ್ತಿ ಉಣ್ಣುವವರೆಗೂ ಏಳುತ್ತಿರಲಿಲ್ಲ. ಡ್ರಿಲ್ ಮೇಷ್ಟ್ರಿಗೆ, ಇನ್ನೊಮ್ಮೆ ಕುಂಬಳಕಾಯಿ ಎಂದರೆ ಅವನ ಅಪ್ಪನನ್ನು ಕರೆಸಿ ನಾಯಿಯ ಕಥೆ ಹೇಳುತ್ತೇನೆ ಎಂದೆ. ಅವರು ಬಿಟ್ಟರು, ನನ್ನ ಬೆನ್ನ ಹಿಂದೆ ನನಗೊಂದು ಹೆಸರಿಟ್ಟರು. ಇಟ್ಟುಕೊಳ್ಳಲಿ. ನಾನು ದೊಡ್ಡವಳು, ತಡೆದುಕೊಳ್ಳಬಲ್ಲೆ.

ಅರವತ್ತರ ದಶಕದ ಕೊನೆಯ ಹೊತ್ತಿಗೆ ನಾನು ಚನ್ನರಾಯಪಟ್ಟಣದ ಒಂದು ಪ್ರೈಮರಿ ಶಾಲೆಗೆ ಹೆಡ್‌ಮಿಸ್ಟ್ರೆಸ್ ಆಗಿದ್ದೆ. ಸೇರಿದ ದಿನವೇ ಉಪಾಧ್ಯಾಯರನ್ನು ಕೂರಿಸಿ, ಮಕ್ಕಳಿಗೆ ಅಡ್ಡಹೆಸರು ಇಡುವಂತಿಲ್ಲ, ಅವರ ಮೈ, ಮಾತು, ಮನೆ, ಯಾವುದರ ಮೇಲೂ ತಮಾಷೆ ಮಾಡುವಂತಿಲ್ಲ ಎಂದಿದ್ದೆ. ಎಲ್ಲರೂ ತಲೆಯಾಡಿಸಿದ್ದರು. ಹೇಳಿದ್ದೇನೆ, ಆಯಿತು ಎಂದು ನಾನೂ ನೆಮ್ಮದಿಯಾಗಿದ್ದೆ.

ಒಂದು ಬೆಳಿಗ್ಗೆ ಒಬ್ಬ ಹೆಂಗಸು ನನ್ನ ಕೋಣೆಗೆ ನೇರವಾಗಿ ಬಂದಳು. ಕಾಲಿಗೆ ಕೆಸರು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದಳು. ನಾಟಿಯ ಕೆಲಸ ಬಿಟ್ಟು ಬಂದವಳು ಎಂದು ನೋಡಿದರೇ ತಿಳಿಯುತ್ತಿತ್ತು.

"ಗುರ್ತು ಸಿಕ್ನಿಲ್ವಾ ಮೇಡಮ್ಮೋರೆ? ಒಳೆನರ್ಸೀಪುರದ ಒನ್ನಮ್ಮ."

ನಾನು ಎದ್ದು ನಿಂತೆ. ಮಿಡ್ಲಿಸ್ಕೂಲು ಮುಗಿಸಿದ್ದಳು, ಮರುವರ್ಷವೇ ಮದುವೆಯಾಗಿತ್ತು, ಗಂಡನ ಊರು ಚನ್ನರಾಯಪಟ್ಟಣದ ಪಕ್ಕದ ಹಳ್ಳಿ. ಇಷ್ಟನ್ನು ಕೇಳಿಕೊಳ್ಳುವುದರೊಳಗೆ ಅವಳು ನನ್ನನ್ನು ತಡೆದಳು.

"ಕುಂತು ಮಾತಾಡಾಕ್ ಬಂದಿಲ್ಲ. ನನ್ ಮಗ್ಳು ಗೌರಿ ನಿಮ್ ಇಸ್ಕೂಲಲ್ಲೇ ಒಂದ್ನೇ ಕ್ಲಾಸು. ಅದುಕ್ಕೆ ಎಡ್ಗೈ ವಾಟ, ಎಡ್ಗೈಲೇ ಬರಿಯೋದು. ಈಗ ಎಲ್ಡ್ ವಾರದಿಂದ ಮನೆಗ್ ಬಂದೇಟ್ಗೆ ಆ ಕೈನ ಬಟ್ಟೇಲಿ ಸುತ್ತಿ ಸೊಂಟುಕ್ ಕಟ್ಕತಾಳೆ. ಯಾಕವ್ವ ಅಂದ್ರೆ, ಅದು ತೊಳಿಯೋ ಕೈಯಂತೆ, ಅದ್ರಲ್ಲಿ ಬರುದ್ರೆ ಸಲೇಟು ವಾಸ್ನೆ ಬತ್ತದಂತೆ, ಮೇಷ್ಟ್ರು ಮೂಗು ಮುಚ್ಕಂಡು ಯೋಳುದ್ರಂತೆ. ಮಕ್ಳೆಲ್ಲಾ ಅವ್ಳು ಪಕ್ದಲ್ ಕುಂತ್ರೆ ಮೂಗು ಮುಚ್ಕತವಂತೆ."

ನಾನು ಹಾಜರಿ ಪುಸ್ತಕ ತೆಗೆದು ಗೌರಿಯ ಹೆಸರು ಹುಡುಕಿದೆ.

"ನೀವು ಇಲ್ಲೇ ಇದ್ದೀರಿ ಅಂತ ಗೊತ್ತಿತ್ತು. ಅದ್ಕೇ ಈ ಇಸ್ಕೂಲ್ಗೇ ಆಕ್ದೆ" ಎಂದಳು ಹೊನ್ನಮ್ಮ. "ನೀವಿರೋ ಕಡೆಯೂ ಇಂಗೇ ಆದ್ರೆ, ನಾನ್ ಇನ್ನೆಲ್ಲಿಗ್ ಓಗ್ಲಿ?"

ಇಲಾಖೆಯಿಂದ ನನಗೆ ಬಂದ ಯಾವ ನೋಟೀಸೂ ಇಷ್ಟು ನಾಟಿರಲಿಲ್ಲ. ಒಂದನೇ ತರಗತಿಯ ಪ್ರಭಾಕರ ಎಂಬ ಮೇಷ್ಟ್ರನ್ನು ಕರೆಸಿದೆ. ಕೆಲಸಕ್ಕೆ ಸೇರಿ ಒಂದು ವರ್ಷವೂ ಆಗಿರದ ಹುಡುಗ, ಮಕ್ಕಳಿಗೆ ಹಾಡು, ಕುಣಿತ ಎಲ್ಲ ಹೇಳಿಕೊಡುವ ಉತ್ಸಾಹಿ. ಬಂದು ನಿಂತ ಅವನಿಗೆ ನಾನು ಛೀಮಾರಿ ಹಾಕಬೇಕೆಂದು ಬಾಯಿ ತೆರೆದೆ. ಹೊನ್ನಮ್ಮ ಕೈ ಅಡ್ಡ ಹಿಡಿದು, "ನೀವು ಸುಮ್ಕಿರಿ ಮೇಡಮ್ಮೋರೆ" ಎಂದಳು. ಸುಮ್ಮನಾದೆ.

"ಸಾ, ನಾನು ಗೌರಿ ಅವ್ವ. ಅವ್ಳ ಎಡ್ಗೈ ಬಗ್ಗೆ ಏನೋ ಯೋಳುದ್ರಂತೆ."

ಅವನು ನಕ್ಕ. "ಓ ಅದಾ? ಬಲಗೈ ಅಭ್ಯಾಸ ಆಗಲಿ ಅಂತ ಸುಮ್ಮನೆ ತಮಾಷೆಗೆ ಅಂದೆ ಕಣಮ್ಮ."

"ತಮಾಸೆನಾ? ಸರಿ. ಅಂಗಾರೆ ನಂಗೂ ಒಂದ್ಸಲ ಯೋಳಿ. ಅವತ್ತು ಎಂಗ್ ಯೋಳುದ್ರೋ ಅಂಗೇ, ಮೂಗು ಮುಚ್ಕಂಡು. ನಾನೂ ನಗ್ತೀನಿ."

ಅವನ ನಗು ಅರ್ಧಕ್ಕೆ ನಿಂತಿತು. ನನ್ನ ಕಡೆ ನೋಡಿದ. ನಾನು ಕಿಟಕಿಯ ಕಡೆ ನೋಡಿದೆ. ಹೊನ್ನಮ್ಮ ಅವಸರ ಮಾಡಲಿಲ್ಲ, ದನಿ ಏರಿಸಲಿಲ್ಲ. ಸೊಂಟದ ಸೆರಗು ಬಿಚ್ಚಿ ಮುಖ ಒರೆಸಿಕೊಂಡು ಅವನ ಮುಖವನ್ನೇ ನೋಡುತ್ತಾ ನಿಂತಳು. ಅವನು ಒಂದು ಕೈಯನ್ನು ಮೂಗಿನವರೆಗೆ ತಂದು ಇಳಿಸಿದ. ಕಿವಿ ಕೆಂಪಾಯಿತು.

"ಹೇಳೋಕಾಗಲ್ಲಮ್ಮ" ಎಂದ ಕೊನೆಗೆ.

"ನನ್ ಮುಂದೆ ಯೋಳಕ್ ಆಗ್ದಿದ್ದು ಆರು ವರ್ಸದ ಮಗೀನ ಮುಂದೆ ಎಂಗಾಯ್ತು ಸಾ?"

ಇಷ್ಟು ವರ್ಷ ಕೆಲಸ ಮಾಡಿದ ನನ್ನ ಹತ್ತಿರ ಇದಕ್ಕಿಂತ ಒಳ್ಳೆಯ ಪ್ರಶ್ನೆ ಇರಲಿಲ್ಲ. ಕಾಫಿ ಕುಡಿದು ಹೋಗು ಎಂದರೆ ಹೊನ್ನಮ್ಮ ನಿಲ್ಲಲಿಲ್ಲ. ಗದ್ದೆಯಲ್ಲಿ ಆಳುಗಳು ಕಾಯುತ್ತಿದ್ದಾರೆ ಎಂದು ಹೊರಟಳು.

ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಸುಲಭವೆಂದು ನೀವು ತಿಳಿಯಬಾರದು. ಪ್ರಭಾಕರ ಮರುದಿನವೇ ತರಗತಿಯಲ್ಲಿ ತನ್ನದು ತಪ್ಪು ಮಾತು ಎಂದು ಹೇಳಿದ. ಗೌರಿಯ ಕೈ ಹೊರಗೆ ಬರಲಿಲ್ಲ. ಅವಳು ಎಡಗೈಯನ್ನು ಲಂಗದ ಮಡಿಕೆಯಲ್ಲಿ ಹುದುಗಿಸಿಕೊಂಡು ಬಲಗೈಯಲ್ಲಿ ಸೊಟ್ಟಸೊಟ್ಟಗೆ ಗೀಚುತ್ತಿದ್ದಳು. ಅವನು ದಿನವೂ ಬೆಳಿಗ್ಗೆ ಅವಳ ಮುಂದೆ ಮಂಡಿಯೂರಿ ಕೂತು ಸೀಮೆಸುಣ್ಣದ ಚೂರೊಂದನ್ನು ಎಡಗೈಯಲ್ಲಿ ಇಡುತ್ತಿದ್ದ. ಅವಳು ಅದನ್ನು ಬಲಗೈಗೆ ದಾಟಿಸುತ್ತಿದ್ದಳು. ಅವನು ಮತ್ತೆ ಎಡಗೈಯಲ್ಲಿ ಇಡುತ್ತಿದ್ದ. ನಗಿಸುವ ಒಂದು ಮಾತನ್ನೂ ಆಡುತ್ತಿರಲಿಲ್ಲ, ಬೇಸರವನ್ನೂ ತೋರಿಸುತ್ತಿರಲಿಲ್ಲ. ನಾನು ಬಾಗಿಲಲ್ಲಿ ನಿಂತು ನೋಡಿ ಹೋಗುತ್ತಿದ್ದೆ. ನಾಟಿ ಮುಗಿಯಿತು, ಪೈರು ಎದ್ದು ನಿಂತಿತು, ಕೊಯ್ಲೂ ಆಯಿತು. ಒಂದು ದಿನ ಸೀಮೆಸುಣ್ಣ ಎಡಗೈಯಲ್ಲೇ ಉಳಿಯಿತು. ಗೌರಿ ಅದನ್ನು ಮೂಗಿನ ಹತ್ತಿರ ತಂದು ಮೂಸಿ ನೋಡಿದಳು. ಆಮೇಲೆ ಎದ್ದು ಹೋಗಿ ಕಪ್ಪುಹಲಗೆಯ ಮೇಲೆ, ಯಾರೂ ಹೇಳದೆಯೇ, ತನ್ನ ಹೆಸರು ಬರೆದಳು.